ನನ್ನ ಬೆನ್ನಿನ ಚಿತ್ರಜೀವನ

ಕ್ಷೌರದ ಅಂಗಡಿಯಲ್ಲಿ ಎಲ್ಲ ಮುಗಿದ ಮೇಲೆ ಒಂದು ಚಿಕ್ಕ ಸಮಾರಂಭ ನಡೆಯುತ್ತದೆ, ನೀವೂ ಗಮನಿಸಿರುತ್ತೀರಿ. ಕೊರಳಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚುವ ಮೊದಲು ಅಂಗಡಿಯವನು ಗೋಡೆಯ ಮೊಳೆಗೆ ತೂಗುಹಾಕಿದ ಸಣ್ಣ ಕನ್ನಡಿಯೊಂದನ್ನು ತೆಗೆದು ನಮ್ಮ ತಲೆಯ ಹಿಂದೆ ಹಿಡಿಯುತ್ತಾನೆ. ಎದುರಿನ ದೊಡ್ಡ ಕನ್ನಡಿಯಲ್ಲಿ ಆ ಸಣ್ಣ ಕನ್ನಡಿಯೂ ಅದರೊಳಗೆ ನಮ್ಮ ಹಿಂದಲೆಯೂ ಕಾಣಬೇಕೆಂಬುದು ಉದ್ದೇಶ. ನಾವು ಗಂಭೀರವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ತಲೆಯಾಡಿಸುತ್ತೇವೆ. ಆ ಘಟ್ಟದಲ್ಲಿ ಯಾರಾದರೂ ‘ಸರಿಯಾಗಿಲ್ಲ, ಕೂದಲನ್ನು ಮತ್ತೆ ಅಂಟಿಸು’ ಎಂದದ್ದನ್ನು ನಾನು ಈ ತನಕ ಕೇಳಿಲ್ಲ. ನನ್ನ ಮಟ್ಟಿಗಂತೂ ಅದು ಶುದ್ಧ ಅಭಿನಯ. ನಮ್ಮ ನವನಗರದ ಶಂಕ್ರಪ್ಪ ಕತ್ತರಿ ಹಿಡಿಯುವ ಮೊದಲೇ ನನ್ನ ಕನ್ನಡಕವನ್ನು ತೆಗೆದು ಪೌಡರ್ ಡಬ್ಬಿಯ ಪಕ್ಕದಲ್ಲಿ ಇಟ್ಟುಬಿಡುತ್ತಾನೆ. ಅದಿಲ್ಲದೆ ನನಗೆ ನನ್ನ ಮುಖವೇ ನೆಟ್ಟಗೆ ಕಾಣುವುದಿಲ್ಲ, ಇನ್ನು ಹಿಂದಲೆಯ ಮಾತು ದೂರವೇ ಉಳಿಯಿತು. “ಹಿಂದ ಹೆಂಗೈತಿ ನೋಡ್ರಿ ಸರ” ಎಂದು ಅವನು ಕೇಳುತ್ತಾನೆ. ಮಸುಕಿನಲ್ಲಿ ಅಲುಗಾಡುವ ಬೂದುಬಣ್ಣದ ಗುಂಡೊಂದನ್ನು ಕಂಡು ನಾನು “ಛಲೋ ಆಗೇತಿ” ಎನ್ನುತ್ತೇನೆ. ಇಪ್ಪತ್ತು ವರ್ಷಗಳಿಂದ ನಮ್ಮಿಬ್ಬರ ನಡುವೆ ಈ ಒಪ್ಪಂದ ನಿರಾತಂಕವಾಗಿ ನಡೆದುಕೊಂಡು ಬಂದಿದೆ.

ಬೆನ್ನಿನ ವಿಷಯದಲ್ಲಿ ಸೃಷ್ಟಿಕರ್ತ ನಮಗೆ ತುಸು ಅನ್ಯಾಯ ಮಾಡಿದ್ದಾನೆಂದೇ ನನ್ನ ಭಾವನೆ. ಮೂಗು, ಮೀಸೆ, ಹೊಟ್ಟೆ ಮುಂತಾದ ಸ್ಥಾವರ ಆಸ್ತಿಗಳೆಲ್ಲ ನಮ್ಮ ಕಣ್ಗಾವಲಿನಲ್ಲೇ ಇವೆ. ಬೆನ್ನು ಮಾತ್ರ ನಮ್ಮದಾಗಿದ್ದೂ ಊರವರ ನೋಟಕ್ಕೆ ಮೀಸಲು. ಅದರ ತುರಿಕೆ ನಮ್ಮದು, ದರ್ಶನ ಪರರದು. ಸಾಮಾನ್ಯ ಬೆನ್ನುಳ್ಳವರಿಗೆ ಇದು ಅಂಥ ದುಃಖದ ವಿಷಯವಾಗಿರಲಿಕ್ಕಿಲ್ಲ. ಆದರೆ ನನ್ನದು ಸಾಮಾನ್ಯ ಬೆನ್ನಲ್ಲ. ಸಂಕೋಚದಿಂದಲೇ ಹೇಳುತ್ತೇನೆ, ಅದು ಹತ್ತು ವರ್ಷಗಳಲ್ಲಿ ಆರು ಕನ್ನಡ ಚಲನಚಿತ್ರಗಳಲ್ಲಿ ಕಾಣಿಸಿಕೊಂಡ ಬೆನ್ನು. ಆರಲ್ಲ, ಐದು ಎನ್ನಬೇಕು. ಆ ಒಂದರ ವ್ಯತ್ಯಾಸವೇ ಈ ಪ್ರಬಂಧದ ಕಥೆ.

ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಗುರುಸಿದ್ದ ನನ್ನ ವಿದ್ಯಾರ್ಥಿ. ಹತ್ತಿ ವ್ಯಾಪಾರದ ಮನೆತನದ ಹುಡುಗ, ಮೂರು ವರ್ಷ ನನ್ನ ವರ್ಗದ ಕೊನೆಯ ಬೆಂಚಿನಲ್ಲಿ ಕುಳಿತು ವಿದ್ಯುತ್ತಿನ ನಿಯಮಗಳಿಂದ ಯಾವ ಆಘಾತವನ್ನೂ ಹೊಂದದೆ ಪಾಸಾಗಿ ಹೋದ. ಮುಂದೆ ಅವನು ಹತ್ತಿಯನ್ನು ಬಿಟ್ಟು ಸಿನಿಮಾ ಹಿಡಿದನೆಂದು ಕೇಳಿ, ಅವನ ತಂದೆಯೊಡನೆ ಸೇರಿ ನಾನೂ ಒಂದು ನಿಟ್ಟುಸಿರು ಬಿಟ್ಟಿದ್ದೆ.

ಹತ್ತು ವರ್ಷಗಳ ಹಿಂದೆ ಒಂದು ರವಿವಾರ ಬೆಳಿಗ್ಗೆ ನಾನು ಧಾರವಾಡದಲ್ಲಿರುವ ಗೆಳೆಯನೊಬ್ಬನ ಮನೆಗೆ ಹೋದವನು, ಕೈಯಲ್ಲಿ ಮೆಂತ್ಯಸೊಪ್ಪು ಇಣುಕುತ್ತಿದ್ದ ಚೀಲ ಹಿಡಿದು ಕೆಲಗೇರಿ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದಂತಾಯಿತು. ಯಾರನ್ನೋ ಕೂಗುತ್ತಿದ್ದಾರೆಂದು ನನ್ನ ಪಾಡಿಗೆ ನಡೆದೆ. ದಂಡೆಯ ತುದಿ ಮುಟ್ಟುವಷ್ಟರಲ್ಲಿ ಗುರುಸಿದ್ದ ಓಡುತ್ತ ಬಂದು ಕಾಲಿಗೆ ಬಿದ್ದ. ತನ್ನ ಮೊದಲ ಚಿತ್ರದ ಮೊದಲ ದೃಶ್ಯವನ್ನು ಅಂದು ತೆಗೆಯುತ್ತಿದ್ದನಂತೆ. ನಾಯಕಿ ಕೆರೆಯತ್ತ ನೋಡುತ್ತ ನಿಂತಾಗ ನಾನು ಚೀಲದೊಂದಿಗೆ ಕ್ಯಾಮರಾದ ಮುಂದೆ ಹಾದು ದೂರದವರೆಗೂ ನಡೆದುಬಿಟ್ಟಿದ್ದೆ. “ಕ್ಷಮಿಸಪ್ಪ, ಮತ್ತೊಮ್ಮಿ ತಗೀರಿ” ಎಂದೆ. ಅವನು, “ಇಲ್ಲ ಸರ, ಇದನ್ನ ಇಡತೇನಿ. ನಿಮ್ಮ ಬೆನ್ನ ಕಂಡ ಕೂಡ್ಲೆ ನನಗ ಕೈಕಾಲು ನಡಗೋದು ನಿಂತತು” ಎಂದ. ಇದನ್ನು ನಾನು ಶಿಷ್ಯಭಕ್ತಿಯ ಲೆಕ್ಕಕ್ಕೆ ಹಾಕಿಕೊಂಡು ಆಶೀರ್ವದಿಸಿ ಬಸ್ಸು ಹತ್ತಿದೆ.

ಚಿತ್ರ ಗೆದ್ದಿತು. ಪತ್ರಿಕೆಯೊಂದರ ವಿಮರ್ಶಕರು ಆರಂಭದ ದೃಶ್ಯವನ್ನು ವಿಶೇಷವಾಗಿ ಹೊಗಳಿ, ದೂರ ಸಾಗುವ ಆ ವೃದ್ಧನ ಬೆನ್ನು ಕಳೆದುಹೋಗುತ್ತಿರುವ ಕಾಲದ ಸಂಕೇತವೆಂದು ಬರೆದರು. ಆಗ ನನಗೆ ಐವತ್ತನಾಲ್ಕು. ಮೆಂತ್ಯಸೊಪ್ಪಿನ ಬಗ್ಗೆ ಅವರು ಏನೂ ಬರೆಯಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಆ ಪತ್ರಿಕೆಯನ್ನು ಓದಿ, “ವೃದ್ಧ ಅಂತ ಬರದಾರಲ್ಲ, ಇವರಿಗೆ ನಿಮ್ಮ ಮಾರಿ ತೋರಿಸಬೇಕಿತ್ತು. ಮಾರಿ ಇನ್ನೂ ಅಷ್ಟ ಹಳೀದಾಗಿಲ್ಲ” ಎಂದಳು. ನಮ್ಮ ಮನೆಯಲ್ಲಿ ‘ಮಾರಿ ತೋರಿಸುವ’, ಅಂದರೆ ನನ್ನ ಮುಖವನ್ನು ಪರದೆಗೆ ತರುವ, ಬೇಡಿಕೆಯ ಉಗಮ ಅಂದು.

ಮುಂದೆ ಗುರುಸಿದ್ದನ ಪ್ರತಿ ಚಿತ್ರದ ಮೊದಲ ದಿನದ ಮೊದಲ ದೃಶ್ಯವೂ ನನ್ನ ಬೆನ್ನೇ ಎಂಬ ಪದ್ಧತಿ ಬೆಳೆಯಿತು. ಆ ಚಿತ್ರಗಳಿಗೆಲ್ಲ ಘನವಾದ ಹೆಸರುಗಳಿವೆ. ನಮ್ಮ ಮನೆಯಲ್ಲಿ ಮಾತ್ರ ಅವು ಚೀಲದ ಸಿನಿಮಾ, ಧೋತರದ ಸಿನಿಮಾ, ಕೊಡೆಯ ಸಿನಿಮಾ ಎಂದು ನನ್ನ ಪೋಷಾಕಿನಿಂದಲೇ ಪ್ರಸಿದ್ಧ. ಸಿನಿಮಾದವರು ತೆಂಗಿನಕಾಯಿ ಒಡೆಯುತ್ತಾರೆ, ಕ್ಯಾಮರಾಕ್ಕೆ ನಿಂಬೆಹಣ್ಣು ಕಟ್ಟುತ್ತಾರೆ, ಆಮೇಲೆ ನನ್ನನ್ನು ನಡೆಸುತ್ತಾರೆ. ಇಲ್ಲಿ ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಡಲಾರೆ. ಸೇವೆಯಲ್ಲಿದ್ದ ಅಷ್ಟೂ ವರ್ಷ ನಾನು ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದವನು. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಕೆಲಸವಿದೆ ಎಂದಷ್ಟೇ ಅರ್ಥ ಎಂದು ವರ್ಗದಲ್ಲಿ ಸಾರಿದವನು. ಅಂಥವನು ನಿವೃತ್ತಿಯ ಅಂಚಿನಲ್ಲಿ ನಿಂಬೆಹಣ್ಣಿನ ಪಕ್ಕದ ಹುದ್ದೆಗೆ ನೇಮಕಗೊಂಡೆ, ಒಪ್ಪಿಯೂ ಕೊಂಡೆ. ಶಿಷ್ಯನ ಮನಸ್ಸು ನೋಯಿಸಬಾರದೆಂದು ಹೀಗೆ ಮಾಡಿದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಟಾಕೀಸಿನ ಕತ್ತಲೆಯಲ್ಲಿ ಪರದೆಯ ತುಂಬ ನನ್ನ ಬೆನ್ನು ಹರಡಿಕೊಂಡಾಗ ಆಗುವ ಹಿಗ್ಗನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಎರಡನೆಯದು ಹಳೆಯ ಕಾಲದ ಕಥೆ. ಜನ್ಮದಲ್ಲಿ ಧೋತರ ಉಟ್ಟವನಲ್ಲದ ನನಗೆ ಅದನ್ನು ಉಡಿಸಿ, ತಲೆಗೆ ರುಮಾಲು ಸುತ್ತಿ ನಡೆಸಿದರು. ಹನ್ನೆರಡನೆಯ ಹೆಜ್ಜೆಗೆ ಧೋತರ ಕೈಕೊಟ್ಟಿತು. ಚಿತ್ರದಲ್ಲಿ ಹನ್ನೊಂದು ಹೆಜ್ಜೆಗಳಿವೆ. ಆ ಚಿತ್ರ ಹುಬ್ಬಳ್ಳಿ, ಧಾರವಾಡ ಎರಡೂ ಊರಿನ ಟಾಕೀಸುಗಳಲ್ಲಿ ತಿಂಗಳುಗಟ್ಟಲೆ ಓಡಿ ಗುರುಸಿದ್ದನನ್ನು ದೊಡ್ಡ ನಿರ್ದೇಶಕನನ್ನಾಗಿ ಮಾಡಿತು. ಬೇಗ ಮುಗಿದುಹೋಗುವ ಅವನ ದೃಶ್ಯಗಳ ಬಿಗಿಯನ್ನು ಎಲ್ಲರೂ ಕೊಂಡಾಡಿದರು. ಅದು ಯಾವುದೋ ಯುರೋಪಿನ ದೇಶದ ಚಿತ್ರಗಳ ಪ್ರಭಾವವೆಂದು ಬಲ್ಲವರು ತರ್ಕಿಸಿದರು.

ಮೂರನೆಯದಕ್ಕೆ ದೊಡ್ಡ ನಾಯಕ, ದೊಡ್ಡ ಖರ್ಚು, ದೊಡ್ಡ ಮಳೆ. ಮಳೆ ಬೇಕಾದದ್ದು ಏಪ್ರಿಲ್ ತಿಂಗಳಲ್ಲಿ, ಅದೂ ನಮ್ಮ ನವನಗರದ ರಸ್ತೆಯ ಮೇಲೆ. ನಳಕ್ಕೆ ನೀರು ಬಂದು ಎಂಟು ದಿನವಾಗಿತ್ತು. ಮೂರು ಟ್ಯಾಂಕರುಗಳು ಬಂದು ಸಾಲಾಗಿ ನಿಂತಾಗ ಓಣಿಗೆ ಓಣಿಯೇ ಕೊಡಗಳೊಂದಿಗೆ ಹೊರಬಂದಿತು. ಇದು ಮಳೆಯ ನೀರು, ಕುಡಿಯುವ ನೀರಲ್ಲ ಎಂದು ಸಿನಿಮಾದವರು ಅಂಗಲಾಚಿದರೂ ಕೇಳುವವರಾರು? ಕೊನೆಗೆ ಒಪ್ಪಂದವಾಯಿತು: ಮಳೆ ಬೀಳುವುದು ಬೀಳಲಿ, ಕೊಡ ಇಡುವವರು ಕ್ಯಾಮರಾಕ್ಕೆ ಕಾಣದಂತೆ ರಸ್ತೆಯ ಎರಡೂ ಅಂಚಿಗೆ ಇಟ್ಟುಕೊಳ್ಳಲಿ. ನಾನು ಕೊಡೆ ಹಿಡಿದು ನಡೆಯುವಾಗ ನನ್ನ ಎಡಬಲಗಳಲ್ಲಿ ನೂರಾರು ಕೊಡಗಳು ಟಣಟಣ ತುಂಬುತ್ತಿದ್ದವು. ಸುಮಿತ್ರಾಳವೇ ಆರಿದ್ದವು. ಆ ಸದ್ದನ್ನೇ ಸಂಗೀತ ನಿರ್ದೇಶಕರು ಹಾಡಿಗೆ ಬಳಸಿಕೊಂಡರೆಂದೂ ಅದು ಬಹಳ ಜನಪ್ರಿಯವಾಯಿತೆಂದೂ ಆಮೇಲೆ ತಿಳಿಯಿತು.

ಕೀರ್ತಿ ಬಂದರೆ ಅದರ ಹಿಂದೆಯೇ ಸಂಕಟವೂ ಬರುತ್ತದೆ. ಒಂದು ಮದುವೆಯಲ್ಲಿ ಯಾರೋ ನನ್ನನ್ನು ಸಿನಿಮಾದಲ್ಲಿ ಮಾಡಿದವರೆಂದು ಪರಿಚಯಿಸಿದರು. ಎದುರಿಗಿದ್ದ ಗೃಹಸ್ಥರು ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿ, “ಗುರುತು ಹತ್ತವಲ್ಲದು. ಒಂಚೂರು ಆ ಕಡಿ ತಿರಗ್ರಿ” ಎಂದರು. ತಿರುಗಿದೆ. “ಹಾಂ, ಖರೇ, ಇವರ ನೋಡ್ರಿ” ಎಂದು ಅವರು ತಮ್ಮ ಮನೆಯವರನ್ನೆಲ್ಲ ಕರೆದರು. ಪಂಗ್ತಿಯಲ್ಲಿ ಕುಳಿತವರೆಲ್ಲ ನನ್ನ ಬೆನ್ನನ್ನು ಕಣ್ತುಂಬ ನೋಡಿದರು. ನನಗೆ ಅಂದು ಊಟ ರುಚಿಸಲಿಲ್ಲ. ಅರವತ್ತು ವರ್ಷ ಒಂದು ಮುಖವನ್ನು ತೊಳೆದು, ಒರೆಸಿ, ಜೋಪಾನ ಮಾಡಿ, ಕೊನೆಗೆ ಅದು ತನ್ನ ಬೆನ್ನಿನ ಆಧಾರದಿಂದ ಗುರುತಿಸಿಕೊಳ್ಳಬೇಕಾದರೆ ಯಾರಿಗೆ ತಾನೇ ಸಹ್ಯವಾದೀತು?

ಆ ಸಿಟ್ಟು ಹೊಟ್ಟೆಯಲ್ಲಿರುವಾಗಲೇ ನಾಲ್ಕನೆಯ ಚಿತ್ರದ ಕರೆ ಬಂದಿತು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಖಾಲಿ ಶೆಡ್ಡೊಂದರಲ್ಲಿ ಇಡೀ ಊರನ್ನೇ ಕಟ್ಟಿ ನಿಲ್ಲಿಸಿದ್ದರು. ನಾನು ಕಂದು ಸ್ವೆಟರು ಹಾಕಿ ಆ ಊರಿನ ಬೀದಿಯಲ್ಲಿ ನಡೆಯಬೇಕಿತ್ತು. ಅದೇ ದಿನ ಒಂದು ಶಾಲೆಯವರು ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ಅಧ್ಯಕ್ಷನಾಗಿ ಕರೆದಿದ್ದರು. ಅಲ್ಲಿ ವೇದಿಕೆ, ಅಲ್ಲಿ ನನ್ನ ಮುಖ ಜನರ ಕಡೆಗೆ. ನಾನು ಸುಮಿತ್ರಾಳ ತಮ್ಮ ಬಸವರಾಜನನ್ನು ಕರೆಸಿದೆ. ಎತ್ತರ ನನ್ನಷ್ಟೇ, ತೂಕ ನನ್ನಷ್ಟೇ, ಕೂದಲು ಉದುರಿದ ನಕ್ಷೆಯೂ ಬಹುಮಟ್ಟಿಗೆ ನನ್ನದೇ. “ಬಸೂ, ಹಿಂದ ನೋಡದಂಗ ಇಪ್ಪತ್ತು ಹೆಜ್ಜಿ ನಡಿ, ಯಾರ ಸಂಗಾಟಾನೂ ಮಾತಾಡಬ್ಯಾಡ, ಕಾರಿನ್ಯಾಗ ಕುಂತು ಮನಿಗೆ ಬಾ” ಎಂದು ಸ್ವೆಟರು ತೊಡಿಸಿ, ತಲೆಗೆ ಮಫ್ಲರು ಸುತ್ತಿ ಕಳಿಸಿದೆ. ಅವನು ಹಾಗೆಯೇ ಮಾಡಿ ಬಂದ. ಗಂಟಲು ಕೆಟ್ಟಿದೆ ಎಂದು ಸನ್ನೆ ಮಾಡಿ ತೋರಿಸಿದನಂತೆ, ಯಾರಿಗೂ ಸಂಶಯ ಬರಲಿಲ್ಲವಂತೆ. ನಾನು ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ನಿಂತು, ಯಾವ ವಸ್ತುವಿಗೂ ವ್ಯಕ್ತಿಗೂ ಅದೃಷ್ಟ ತರುವ ಶಕ್ತಿಯಿಲ್ಲವೆಂದು ಸೋದಾಹರಣವಾಗಿ ವಿವರಿಸುತ್ತಿದ್ದೆ.

ಚಿತ್ರ ನೆಲಕಚ್ಚಿತು. ಎಂಥ ಕಚ್ಚುವಿಕೆಯೆಂದರೆ ಎರಡನೆಯ ಶುಕ್ರವಾರ ಟಾಕೀಸಿನ ಮುಂದಿನ ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಬಂದಿತ್ತು. ಇದಕ್ಕೂ ಬಸವರಾಜನಿಗೂ ಸಂಬಂಧವಿಲ್ಲ, ಇದು ಕೇವಲ ಕಾಕತಾಳೀಯ ಎಂದು ನನ್ನ ಬುದ್ಧಿ ಹೇಳಿತು. ನಾನು ಅದನ್ನು ಒಪ್ಪಿದೆ. ಒಪ್ಪಿದ ಮೇಲೂ ಆ ಕಂದು ಸ್ವೆಟರನ್ನು ಕಣ್ಣಿಗೆ ಬೀಳದಂತೆ ಕಪಾಟಿನ ತಳಕ್ಕೆ ತುರುಕಿಟ್ಟೆ. ಐದನೆಯ ಚಿತ್ರಕ್ಕೆ ಕರೆಯುವ ಮೊದಲೇ ನಾನು ಸಿದ್ಧನಾಗಿ ಕುಳಿತಿದ್ದೆ. ಕೊಟ್ಟ ಟೊಪ್ಪಿಗೆ ಹಾಕಿ, ಪ್ರಾಯಶ್ಚಿತ್ತದ ಭಾವದಿಂದ, ಬೆನ್ನನ್ನು ನೆಟ್ಟಗೆ ಮಾಡಿ ನಡೆದೆ. ಅದು ನಾಲ್ಕನೆಯದಕ್ಕಿಂತ ಜೋರಾಗಿ ಬಿದ್ದಿತು. ವಿಜ್ಞಾನದ ಪ್ರಕಾರ ನಾನು ಇಲ್ಲಿಗೆ ದೋಷಮುಕ್ತನಾಗಬೇಕು: ಬೆನ್ನಿಲ್ಲದೆಯೂ ಸೋಲು, ಬೆನ್ನಿದ್ದೂ ಸೋಲು, ಆದ್ದರಿಂದ ಬೆನ್ನು ಕಾರಣವಲ್ಲ. ನನ್ನ ಮನಸ್ಸು ಮಾತ್ರ ಬೇರೆಯೇ ಲೆಕ್ಕ ಹಾಕಿತು. ಒಮ್ಮೆ ಮುರಿದ ಬೆನ್ನಿನ ಮಹಿಮೆ ಮತ್ತೆ ಕೂಡಲಿಲ್ಲ, ತಪ್ಪು ನನ್ನದೇ ಎಂದು ಅದು ಹಟ ಹಿಡಿಯಿತು. ಮೂವತ್ತು ವರ್ಷ ಬೈದ ಮೂಢನಂಬಿಕೆ ನಿವೃತ್ತಿಯ ನಂತರ ನೇರವಾಗಿ ನಮ್ಮ ಮನೆಗೇ ವಾಸಕ್ಕೆ ಬಂದಿತ್ತು.

ಆಮೇಲೆ ಎರಡು ವರ್ಷ ಗುರುಸಿದ್ದ ಕಾಣಿಸಲಿಲ್ಲ. ಕಳೆದ ವರ್ಷ ದಸರೆಯ ಮುಂದೆ ಒಂದು ಮಧ್ಯಾಹ್ನ ಬಂದ. ಮೊದಲೆಲ್ಲ ಅವನ ಕಾರು ನಮ್ಮ ಓಣಿಯಲ್ಲಿ ತಿರುಗುವುದಕ್ಕೆ ಎದುರು ಮನೆಯವರ ಸೈಕಲ್ಲು ಎತ್ತಿಡಬೇಕಾಗುತ್ತಿತ್ತು. ಈಗ ಬಸ್ ಸ್ಟಾಪಿನಿಂದ ನಡೆದು ಬಂದಿದ್ದ. ಗಡ್ಡದಲ್ಲಿ ಬಿಳಿ ಕೂದಲು. ಸುಮಿತ್ರಾ ಕೊಟ್ಟ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತ.

“ಒಬ್ಬರು ಸಣ್ಣದೊಂದು ಸಿನಿಮಾ ಮಾಡ್ರಿ ಅಂದಾರ ಸರ. ಇದು ಹೋತಂದ್ರ ಮತ್ತ ಯಾರೂ ಕರಿಯಂಗಿಲ್ಲ. ಕತಿ ಛಲೋ ಬಂದೈತಿ. ಆದ್ರ ನನಗ ಅಂಜಿಕಿ ಬಂದೈತಿ ಸರ. ಮೊದಲನೇ ದಿನ ಶುರು ಮಾಡ್ರಿ ಅನ್ನಾಕ ಬಾಯಿ ಏಳಂಗಿಲ್ಲ. ಕೆಲಗೇರಿ ಕೆರಿ ದಂಡಿ ಮ್ಯಾಲ ಶೂಟಿಂಗ್ ಇಟ್ಟೇನಿ, ನೀವು ಒಮ್ಮಿ ಬಂದು ಆ ಕಡಿ ಮಾರಿ ಮಾಡಿ ನಡದ್ರ ಸಾಕು.”

ಬಸವರಾಜನ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುಮಿತ್ರಾ ನಡುವೆ ಬಂದಳು.

“ಗುರುಸಿದ್ದ, ಹತ್ತ ವರ್ಷ ಆತು. ಇವರ ಮಾರಿ ಒಂದರೆ ಸಲ ತೋರಿಸೀಯೇನು? ಈ ಸಲ ಇತ್ಲಾಗ ಬರೋಹಂಗ ನಡಸು. ಇಲ್ಲಂದ್ರ ನಾ ಕಳಸಂಗಿಲ್ಲ.”

ಅವನು ನನ್ನತ್ತ ನೋಡಿದ. ನಾನು ಬೇಡವೆನ್ನಬೇಕಿತ್ತು. ಶಿಷ್ಯನ ಬದುಕೇ ತೂಗಾಡುತ್ತಿರುವ ಹೊತ್ತಿನಲ್ಲಿ ಮುದುಕನ ಮುಖಕ್ಕೆ ಏನು ಅವಸರ? ಆದರೆ ಆ ಮದುವೆಯ ಪಂಗ್ತಿ ನೆನಪಾಗಿ, ನಾನು ಸೂರನ್ನು ನೋಡುತ್ತ ಕುಳಿತೆ. “ಆಗಲಿ ಸರ” ಎಂದು ಅವನು ಸಣ್ಣ ದನಿಯಲ್ಲಿ ಹೇಳಿ ಎದ್ದು ಹೋದ. ನನ್ನ ಬಗ್ಗೆ ನನಗೆ ನಾಚಿಕೆಯಾಯಿತು. ಆದರೂ ಮರುದಿನ ಶಂಕ್ರಪ್ಪನಲ್ಲಿಗೆ ಹೋಗಿ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಬಂದೆ.

ಕೆಲಗೇರಿಯ ದಂಡೆಯ ಮೇಲೆ ಅಂದು ಬೆಳಿಗ್ಗೆ ಬೆಳಕು ಚೆನ್ನಾಗಿತ್ತು. ಸುಮಿತ್ರಾ ಇಸ್ತ್ರಿ ಮಾಡಿದ ಎರಡನೆಯ ಅಂಗಿಯನ್ನೂ ಚೀಲದಲ್ಲಿ ಹಿಡಿದು ಒಂದು ಕಲ್ಲಿನ ಮೇಲೆ ಕುಳಿತಿದ್ದಳು. ನಾನು ದಂಡೆಯ ಆ ತುದಿಯಿಂದ ಕ್ಯಾಮರಾದ ಕಡೆಗೆ ನಡೆದು ಬರಬೇಕು, ಅಷ್ಟೆ. ಮೊದಲ ಸಲ ಕ್ಯಾಮರಾವನ್ನೇ ದಿಟ್ಟಿಸುತ್ತ ಬಂದೆ. ಎರಡನೆಯ ಸಲ ದಿಟ್ಟಿಸಬಾರದೆಂದು ನೆನಪಿಟ್ಟು ಆಕಾಶ ನೋಡುತ್ತ ಬಂದು ಎಡವಿದೆ. ಮೂರನೆಯ ಸಲ ಸಹಜವಾಗಿ ಮುಗುಳ್ನಗಲು ಹೇಳಿದರು. ಆ ನಗು ಪಾಸ್‌ಪೋರ್ಟಿನ ಫೋಟೋಕ್ಕೆ ಕೂತವನದಾಗಿತ್ತೆಂದು ಸುಮಿತ್ರಾಳೇ ಹೇಳಿದಳು. ನಾಲ್ಕು, ಐದು, ಆರು ಕಳೆದವು. ಗುರುಸಿದ್ದ ‘ಶುರು’ ಎನ್ನುವ ದನಿ ಸಲ ಸಲಕ್ಕೂ ಇಳಿಯುತ್ತ ಬಂದು ಎಂಟನೆಯ ಸಲಕ್ಕೆ ಕೈಸನ್ನೆ ಮಾತ್ರ ಉಳಿಯಿತು. ಕ್ಯಾಮರಾದ ಹಿಂದಿದ್ದ ತರುಣ ಕೊನೆಗೆ ಎದ್ದು ನಿಂತು ಬೆವರು ಒರೆಸಿಕೊಂಡ.

“ತಪ್ಪು ತಿಳೀಬ್ಯಾಡ್ರಿ. ಸರ ಹಿಂಗ ಎದುರು ಬರೋದು ನೋಡಿದ್ರ ನಾನ ಏನೋ ತಪ್ಪ ಮಾಡೇನಿ ಅನಸ್ತೈತಿ. ಕೈಯಾಗಿಂದು ಮುಚ್ಚಿಡಬೇಕು ಅನಸ್ತೈತಿ.”

ಬೆಳಕು ಹಿಡಿದವನು, ಛತ್ರಿ ಹಿಡಿದವನು, ಎಲ್ಲರೂ ತಲೆಯಾಡಿಸಿದರು. ಸುಮಿತ್ರಾ, “ಅಂವ ಹೇಳೋದು ಖರೇ ಐತಿ. ಮೂವತ್ತೈದು ವರ್ಷ ಆ ಮಾರಿ ನಾ ನೋಡೇನಿ” ಎಂದು ಎರಡನೆಯ ಅಂಗಿಯನ್ನು ಮಡಚಿ ಚೀಲದೊಳಗೆ ಇಟ್ಟಳು. ನನ್ನ ಮುಖದ ಚಿತ್ರಜೀವನ ಅಲ್ಲಿಗೆ ಮುಗಿಯಿತು.

ಎಲ್ಲರೂ ಗಿರ್ಮಿಟ್ಟು ತಿನ್ನಲು ಹೋದಾಗ ಗುರುಸಿದ್ದ ನೀರಿನ ಅಂಚಿನಲ್ಲಿ ಒಬ್ಬನೇ ಕುಳಿತಿದ್ದ. ಹೋಗಿ ಪಕ್ಕದಲ್ಲಿ ಕುಳಿತೆ. ಅವನ ಕೈ ನಡುಗುತ್ತಿತ್ತು. ಇನ್ನು ತಡೆಯಲಾಗಲಿಲ್ಲ, ಸ್ವೆಟರು, ಮಫ್ಲರು, ಬಸವರಾಜ, ವಿಜ್ಞಾನ ಪ್ರದರ್ಶನ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಕೆರೆಯ ಕಡೆಗೇ ನೋಡುತ್ತಿದ್ದ.

“ಗೊತ್ತೈತಿ ಸರ.”

“ಏನ್ ಗೊತ್ತೈತಿ?”

“ಅವತ್ತ ಮೂರನೇ ಹೆಜ್ಜಿಗೇ ಗೊತ್ತಾತು. ನಿಮ್ಮ ಎಡಗಡಿ ಭುಜ ಒಂಚೂರು ಇಳದೈತಿ. ಪುಸ್ತಕ ಆ ಕೈಯಾಗ ಹಿಡದು ಹಿಡದು ಹಂಗಾಗೇತಿ. ಮೂರ ವರ್ಷ ನೋಡೇನಿ ಸರ ನಾ. ನೀವು ಬರಲಿಲ್ಲಂದ್ರ ಏನೋ ಕಾರಣ ಇರಬೇಕು ಅಂತ ಸುಮ್ಮನಾದೆ.”

“ಹಂಗಾರ ಸಿನಿಮಾ ಬಿದ್ದದ್ದು?”

“ಕತೀನ ಸುಮಾರಿತ್ತು ಸರ. ಐದನೇದರದೂ ಸುಮಾರ ಇತ್ತು. ಬೆನ್ನಿಂದೇನ ತಪ್ಪಿಲ್ಲ.”

ಇಷ್ಟು ವರ್ಷ ಹೊತ್ತ ಪಾಪ ಹೀಗೆ ಒಂದೇ ಮಾತಿನಲ್ಲಿ ಇಳಿದುಹೋದದ್ದು ಸಮಾಧಾನವೆನಿಸಬೇಕಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಅವಮಾನವೂ ಆಯಿತು. ಹಾಗಾದರೆ ನನ್ನನ್ನು ಯಾಕೆ ನಡೆಸುತ್ತೀ ಎಂದು ಕೇಳಿದೆ. ಅವನು ಹತ್ತು ವರ್ಷದಲ್ಲಿ ಹೇಳದ್ದನ್ನು ಆಗ ಹೇಳಿದ.

“ನಾ ಮೊದಲ ಡೈರೆಕ್ಷನ್ ಮಾಡಿದ್ದು ನಿಮ್ಮ ಬೆನ್ನ ಹಿಂದ ಸರ. ನೀವು ಬೋರ್ಡಿನ ಕಡಿ ತಿರಗಿದ ಕೂಡ್ಲೆ ನಾ ಏಳತಿದ್ದೆ. ನಿಮ್ಮಂಗ ನಡೀತಿದ್ದೆ, ಹೆಡ್‌ಮಾಸ್ತರ್ ಆಗತಿದ್ದೆ, ಆ ಕಡಿ ಬೆಂಚಿನವರಿಗೆ ಒಂದು ಪಾರ್ಟು, ಈ ಕಡಿಯವರಿಗೆ ಒಂದು. ನೀವು ತಿರಗೋದ್ರಾಗ ಮುಗೀಬೇಕು. ಇಡೀ ಕ್ಲಾಸು ಬಾಯಿ ಮುಚ್ಚಿಕೊಂಡು ನಗತಿತ್ತು. ಈಗೂ ನಿಮ್ಮ ಬೆನ್ನ ಕಂಡ್ರ ಸಾಕು, ಏನರೆ ಮಾಡಬಹುದು ಅನಸ್ತೈತಿ.”

ನನ್ನ ವರ್ಗದಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತೆಂಬುದು ನನ್ನ ಸೇವಾವಧಿಯ ಏಕೈಕ ಹೆಮ್ಮೆ. ಬೀಳ್ಕೊಡುಗೆಯ ಸಮಾರಂಭದಲ್ಲಿ ಮುಖ್ಯಾಧ್ಯಾಪಕರೇ ಅದನ್ನು ಹೇಳಿದ್ದರು. ಆ ನಿಶ್ಶಬ್ದವನ್ನು ನಾನು ನನ್ನ ಬೋಧನೆಯ ಏಕಾಗ್ರತೆಯೆಂದು ತಿಳಿದಿದ್ದೆ. ಅದು ಅಂಗೈಯಿಂದ ಒತ್ತಿಹಿಡಿದ ನಗೆ. ಯುರೋಪಿನ ಪ್ರಭಾವವೆಂದು ಪಂಡಿತರು ಬಗೆದ ಆ ಬಿಗಿ ದೃಶ್ಯಗಳ ಅಳತೆ, ನಾನು ಒಂದು ಸೂತ್ರ ಬರೆದು ಮುಗಿಸುವ ಕಾಲದ ಅಳತೆ.

ಅವನು ಇನ್ನೂ ಮುಗಿಸಿರಲಿಲ್ಲ. “ಇದೆಲ್ಲಾ ನಿಮಗ ಗೊತ್ತಿತ್ತು ಅನ್ನೋದು ನನಗ ಗೊತ್ತೈತಿ ಸರ. ಅದಕ್ಕ ನೀವು ಹಗೂರಕ ಬರೀತಿದ್ದಿರಿ, ನಮ್ಮದು ಮುಗೀಲಿ ಅಂತ. ಬ್ಯಾರೆ ಮಾಸ್ತರರು ಗಬಕ್ಕನ ತಿರಗತಿದ್ರು. ನೀವು ಒಮ್ಮೀನೂ ತಿರಗಲಿಲ್ಲ.”

ನನಗೆ ಏನೂ ಗೊತ್ತಿರಲಿಲ್ಲ. ನಾನು ನಿಧಾನವಾಗಿ ಬರೆಯುತ್ತಿದ್ದುದು ನನ್ನ ಅಕ್ಷರ ಬಹಳ ದುಂಡಗಿದೆಯೆಂಬ ಮೋಹದಿಂದ. ಒಂದೊಂದು ಅಕ್ಷರ ಬರೆದ ಮೇಲೂ ಅದರ ಅಂದ ಸವಿಯುತ್ತ ಒಂದು ಕ್ಷಣ ನಿಲ್ಲುವುದು ನನ್ನ ಚಟವಾಗಿತ್ತು. ಈ ಸತ್ಯವನ್ನು ಹೇಳಿಬಿಡಬೇಕೆನಿಸಿತು. ಆದರೆ ಪಕ್ಕದಲ್ಲಿ ಕುಳಿತವನ ಕೈ ನಡುಗುವುದು ನಿಂತಿತ್ತು. ಇಪ್ಪತ್ತೈದು ವರ್ಷ ಒಬ್ಬ ಮನುಷ್ಯ ತನ್ನ ಧೈರ್ಯವನ್ನೆಲ್ಲ ಯಾವ ಗೋಡೆಗೆ ಒರಗಿಸಿ ಇಟ್ಟಿದ್ದನೋ ಆ ಗೋಡೆಯೇ ಬಾಯಿ ತೆರೆದು ‘ನಾನಿಲ್ಲ’ ಎಂದರೆ ಹೇಗೆ? ಶಂಕ್ರಪ್ಪನ ಕನ್ನಡಿಗೆ ತಲೆಯಾಡಿಸುವಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸಿದೆ.

ಗುರುಸಿದ್ದ ಎದ್ದು ಪ್ಯಾಂಟಿನ ಮಣ್ಣು ಕೊಡವಿದ. “ಬರ್ರಿ ಸರ. ಆ ಕಡಿ ಮಾರಿ ಮಾಡ್ರಿ. ಏನಾದ್ರೂ ಹಿಂದ ನೋಡಬ್ಯಾಡ್ರಿ.”

ನಾನು ಕೆರೆಯ ಆಚೆ ದಂಡೆಯತ್ತ ಮುಖ ಮಾಡಿ ನಿಂತೆ. “ಶುರು” ಎಂಬ ಕೂಗು ಬಂದಿತು; ದಂಡೆಯ ಈ ತುದಿಯಿಂದ ಆ ತುದಿಗೆ ಕೇಳುವಂತೆ, ಹತ್ತು ವರ್ಷಗಳ ಹಿಂದಿನ ಅದೇ ಕೂಗು. ನಡೆದೆ. ಐದಾರು ಹೆಜ್ಜೆಯಾಗಿರಬೇಕು, ನನ್ನ ಹಿಂದೆ ಇನ್ನೊಂದು ಜೊತೆ ಚಪ್ಪಲಿಯ ಸಪ್ಪಳ ಕೇಳಿಸಿತು. ನಾನು ಹೆಜ್ಜೆ ಇಟ್ಟಾಗ ಅದೂ ಇಟ್ಟಿತು. ನಾನು ಕನ್ನಡಕ ಸರಿಪಡಿಸಿಕೊಳ್ಳಲು ಒಂದು ಕ್ಷಣ ತಡೆದಾಗ ಅದೂ ತಡೆಯಿತು. ಆಮೇಲೆ ಕ್ಯಾಮರಾದ ಕಡೆಯಿಂದ ಆ ಸದ್ದು ಬಂದಿತು: ಹತ್ತಾರು ಜನ ಅಂಗೈಯಿಂದ ಬಾಯಿ ಒತ್ತಿ ಹಿಡಿದ ಸದ್ದು. ಮೂವತ್ತು ವರ್ಷ ಕೇಳಿಯೂ ಗುರುತಿಸದ ಸದ್ದು. ಅದರ ನಡುವೆ ಸುಮಿತ್ರಾಳ ಗಂಟಲು ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಕುತ್ತಿಗೆ ತಾನಾಗಿ ಹೊರಳಲು ನೋಡಿತು. ಕೈಯಲ್ಲಿ ಚಾಕಿನ ತುಂಡಿದ್ದರೆ ಎಸೆದೇಬಿಡುತ್ತಿದ್ದೆನೇನೋ. ಅವನದು ಇನ್ನೂ ಮುಗಿದಿಲ್ಲವೆಂದು ಸಪ್ಪಳವೇ ಹೇಳುತ್ತಿತ್ತು. ಬೆನ್ನನ್ನು ಅವನಿಗೆ ಬಿಟ್ಟುಕೊಟ್ಟು, ಎಡಭುಜವನ್ನು ಇನ್ನಷ್ಟು ಇಳಿಸಿ, ಹೆಜ್ಜೆಯನ್ನು ನಿಧಾನ ಮಾಡಿದೆ. ಈ ಸಲ ನಿಜವಾಗಿ ಗೊತ್ತಿದ್ದು ಮಾಡಿದೆ. ಕಣ್ಣು ಯಾಕೋ ಮಂಜಾಯಿತು. ಅದು ಯಾರಿಗೂ ಕಾಣದ ಕಡೆಗಿದ್ದುದು ಒಳ್ಳೆಯದೇ ಆಯಿತು.

ಚಿತ್ರ ಈ ಯುಗಾದಿಯ ನಂತರ ತೆರೆಕಂಡಿತು. ಮೊದಲ ದೃಶ್ಯದಲ್ಲಿ ಒಬ್ಬ ಮಾಸ್ತರ ದಂಡೆಯ ಮೇಲೆ ನಡೆಯುತ್ತಾನೆ, ಹಿಂದೆ ಒಬ್ಬ ಗಡ್ಡದವನು ಅವನ ಹಾಗೆಯೇ ಭುಜ ಇಳಿಸಿ, ಇಲ್ಲದ ಪುಸ್ತಕವನ್ನು ಕಂಕುಳಲ್ಲಿ ಒತ್ತಿ, ಗಾಳಿಯಲ್ಲಿ ದುಂಡಗೆ ಅಕ್ಷರ ಬರೆಯುತ್ತ, ಬರೆದದ್ದನ್ನು ತಾನೇ ಮೆಚ್ಚುತ್ತ ನಡೆಯುತ್ತಾನೆ. ಹುಬ್ಬಳ್ಳಿಯ ಟಾಕೀಸು ನಕ್ಕು ನಕ್ಕು ಸುಸ್ತಾಯಿತು. ಅಕ್ಷರದ ಮೋಹವೂ ಅವನಿಗೆ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗಲೇ. ಹಾಗಾದರೆ ಕೆರೆಯ ದಂಡೆಯಲ್ಲಿ ಯಾರು ಯಾರಿಗೆ ತಲೆಯಾಡಿಸಿದೆವೋ ದೇವರೇ ಬಲ್ಲ. ಚಿತ್ರ ಊರು ಮುಳುಗಿಸುವಂತೆ ಓಡಲಿಲ್ಲ, ಬೀಳಲೂ ಇಲ್ಲ. ಇನ್ನೊಂದು ಮಾಡಲು ಅವನನ್ನು ಕರೆದಿದ್ದಾರೆ. ಮೊನ್ನೆ ಫೋನು ಮಾಡಿ, ಜುಬ್ಬಾ ಹೊಲಿಸಲು ಬೆನ್ನಿನ ಅಳತೆ ಕೇಳಿದ.

ಅದೇ ವಾರ ಶಂಕ್ರಪ್ಪನಲ್ಲಿಗೆ ಹೋದೆ. ಬಣ್ಣವೆಲ್ಲ ಹೋಗಿ ಕೂದಲು ತನ್ನ ನಿಜಸ್ಥಿತಿಗೆ ಮರಳಿತ್ತು. ಕತ್ತರಿ ಕೆಲಸ ಮುಗಿಸಿ ಅವನು ಸಣ್ಣ ಕನ್ನಡಿ ತರಲು ಹಿಂದೆ ಸರಿದಾಗ, ನನ್ನ ಬೆನ್ನು ಹೇಗಿದೆಯೋ ಒಮ್ಮೆಯಾದರೂ ನೋಡೋಣವೆಂಬ ಆಸೆಯಿಂದ ಸದ್ದಿಲ್ಲದೆ ಕೈಚಾಚಿ ಕನ್ನಡಕ ಹಾಕಿಕೊಂಡೆ. ದೊಡ್ಡ ಕನ್ನಡಿಯಲ್ಲಿ ಅಂಗಡಿಯೆಲ್ಲ ನಿಚ್ಚಳವಾಯಿತು. ಶಂಕ್ರಪ್ಪ ಮೊಳೆಯಿಂದ ಕನ್ನಡಿ ತೆಗೆದು ಎಡಭುಜ ಇಳಿಸಿ, ಅದನ್ನೇ ಪುಸ್ತಕದಂತೆ ಕಂಕುಳಲ್ಲಿ ಒತ್ತಿ, ತಡೆದು ತಡೆದು ನನ್ನ ಕಡೆಗೆ ನಡೆದು ಬರುತ್ತಿದ್ದ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮೂವರು ಬಾಯಿಗೆ ಕೈ ಒತ್ತಿ ಹಿಡಿದಿದ್ದರು. ಅವರಲ್ಲೊಬ್ಬರು ನಮ್ಮ ಎದುರು ಮನೆಯವರು.

ಅವನು ಕಣ್ಣೆತ್ತುವ ಮೊದಲೇ ಕನ್ನಡಕ ತೆಗೆದು ಪೌಡರ್ ಡಬ್ಬಿಯ ಪಕ್ಕಕ್ಕೆ ಇಟ್ಟುಬಿಟ್ಟೆ. ಲೋಕ ಮತ್ತೆ ಮಸುಕಾಯಿತು.

“ಹಿಂದ ಹೆಂಗೈತಿ ನೋಡ್ರಿ ಸರ.”

ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಬೆಂಚಿನ ಮೇಲಿನವರದು ಪೂರ್ತಿ ಮುಗಿಯುವ ತನಕ ಅವಸರವಿಲ್ಲದೆ ನೋಡಿದೆ. “ಛಲೋ ಆಗೇತಿ” ಎಂದೆ.